ಪರನಾಡಿನಲ್ಲಿ ಮೊದಲನೆಯ ಬೇಸಿಗೆ

(ಧಾರವಾಡದಲ್ಲಿ ಶಿಕ್ಷಕರೂ ನಾಗರಿಕರೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಒಂದು ಕುಟುಂಬವು ತನ್ನ ರಾಜ್ಯವನ್ನು ಬಿಟ್ಟು ಬೇರೊಂದು ರಾಜ್ಯದಲ್ಲಿ ಬಿಡಾರ ಹೂಡಿದಾಗ ಅದರ ಮೊದಲನೆಯ ಬೇಸಿಗೆಯು ಹೇಗೆ ಕಳೆಯುವುದೆಂಬುದೇ ಇಂದಿನ ನಮ್ಮ ವಿಷಯವು. ಇಂಥ ವಿಷಯವನ್ನು ಸಭೆಯಲ್ಲಿ ಎತ್ತಿಕೊಳ್ಳುವ ಕಾರಣವೇನೆಂದು ತಮ್ಮಲ್ಲಿ ಕೆಲವರು ಕೇಳಬಹುದು. ಪಾತ್ರೆ ಪಡಗ ಕಟ್ಟಿಕೊಂಡು ಹೋಗುವುದು, ಬಾಡಿಗೆಯ ಮನೆ ಹುಡುಕುವುದು, ಹಾಲಿನವನನ್ನು ಗೊತ್ತುಮಾಡುವುದು, ಇವೆಲ್ಲ ಮನೆಮನೆಯ ಮಾತುಗಳು; ಇವುಗಳಲ್ಲಿ ನಾಡಿನ ಹಿತಾಹಿತವೇನಿದೆ? ಇದೆ ಎಂದೇ ನಮ್ಮ ಅಭಿಪ್ರಾಯವು. 2011ರ ಜನಗಣತಿಯ ಮೇರೆಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಂದು ನೆಲೆಸಿದವರು ಈ ದೇಶದಲ್ಲಿ ಸುಮಾರು 5.4 ಕೋಟಿ ಜನರು. ಅದೇ ಜನಗಣತಿಯಲ್ಲಿ ಕನ್ನಡವನ್ನು ತಾಯಿನುಡಿಯೆಂದು ಬರೆಯಿಸಿದವರು ಸುಮಾರು 4.37 ಕೋಟಿ. ಎಂದ ಮೇಲೆ ಕನ್ನಡಿಗರೆಲ್ಲರೂ ಒಂದೆಡೆ ನಿಂತರೂ ಆ ಸಂಖ್ಯೆಗೆ ಸಾಲದು! ಇಷ್ಟು ಜನರ ಬಾಳಿನಲ್ಲಿ ನಡೆದುಹೋದ ಸಂಗತಿಯು ಮನೆಯ ಮಾತಾದರೂ ನಾಡಿನ ಮಾತೂ ಅಹುದು.

ಈ ಸ್ಥಳಾಂತರಕ್ಕೆ ಕಾರಣಗಳು ಹಲವು. ಮದುವೆಯಾಗಿ ಪರನಾಡನ್ನು ಸೇರಿದ ಹೆಣ್ಣುಮಕ್ಕಳು ಕೆಲವರು. ಸರಕಾರದ ಚಾಕರಿಯಲ್ಲಿಯೋ ಖಾಸಗಿ ಕಂಪನಿಯಲ್ಲಿಯೋ ವರ್ಗವಾಗಿ ಹೋದವರು ಕೆಲವರು. ಹೊಲದಲ್ಲಿ ಕೆಲಸವಿಲ್ಲದ ದಿನಗಳಲ್ಲಿ ಹೊಟ್ಟೆಯ ಪಾಡಿಗಾಗಿ ವಿಜಯಪುರ, ರಾಯಚೂರು, ಕಲಬುರ್ಗಿ, ಯಾದಗಿರಿಗಳ ಕಡೆಯಿಂದ ಗೋವೆಗೂ ಮುಂಬಯಿಗೂ ಗುಳೇ ಹೋಗುವವರು ಇನ್ನು ಕೆಲವರು. ಇವರಲ್ಲಿ ಪ್ರತಿಯೊಂದು ಕುಟುಂಬದ ಸಂಗಡ ಒಂದು ಭಾಷೆ, ಒಂದು ಅಡಿಗೆ, ಒಂದು ಪಂಚಾಂಗ ಹೋಗುತ್ತವೆ. ಅವುಗಳಲ್ಲಿ ಯಾವುದು ಉಳಿಯುವುದು, ಯಾವುದು ಅಳಿಯುವುದು ಎಂಬುದು ಬಹುಮಟ್ಟಿಗೆ ಮೊದಲನೆಯ ಕೆಲವು ತಿಂಗಳುಗಳಲ್ಲಿಯೇ ನಿರ್ಧಾರವಾಗಿಬಿಡುತ್ತದೆ. ಇದೇ ನಾವು ತಮ್ಮ ಮುಂದೆ ಇಡಬೇಕೆಂದಿರುವ ಮಾತು.

ನಾವು 2024ರ ಏಪ್ರಿಲ್ ತಿಂಗಳಿನಲ್ಲಿ ಉದ್ಯೋಗದ ನಿಮಿತ್ತವಾಗಿ ಈ ಊರಿನಿಂದ ದಿಲ್ಲಿಗೆ ಹೋದೆವು. ನಮ್ಮ ಸಂಗಡ ಮನೆಯವರು, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ತಾಯಿಯವರು. ಲಜಪತನಗರದಲ್ಲಿ ಎರಡು ಕೋಣೆಯ ಮನೆ ದೊರೆಯಿತು. ನಮಗಾದ ಅನುಭವವು ನಮ್ಮೊಬ್ಬರದೇ ಅಲ್ಲ; ಈ ದಾರಿಯಲ್ಲಿ ನಡೆದವರಿಗೆಲ್ಲ ಸ್ವಲ್ಪ ಹೆಚ್ಚು ಕಡಿಮೆ ಇದೇ ಆಗುತ್ತದೆ. ಆದುದರಿಂದಲೇ ಅದನ್ನು ಹೇಳಲು ಸಂಕೋಚಪಡುವುದಿಲ್ಲ.

ಸ್ಥಳಾಂತರಕ್ಕೆ ಜನರು ಬೇಸಿಗೆಯನ್ನೇ ಏಕೆ ಆರಿಸುತ್ತಾರೆ? ಮಕ್ಕಳ ಪರೀಕ್ಷೆ ಮುಗಿದಿರುತ್ತದೆ; ಶಾಲೆಯ ವರ್ಷವು ಕೆಡುವುದಿಲ್ಲವೆಂಬ ಧೈರ್ಯವಿರುತ್ತದೆ. ಆದರೆ ಈ ಲೆಕ್ಕವು ಒಂದೇ ರಾಜ್ಯದೊಳಗೆ ಸರಿ. ರಾಜ್ಯದ ಗಡಿ ದಾಟಿದೊಡನೆ ತಪ್ಪುತ್ತದೆ. ನಮ್ಮಲ್ಲಿ ಆ ವರ್ಷ ಏಪ್ರಿಲ್ 11ಕ್ಕೆ ಸೂಟಿ ಹತ್ತಿ ಮೇ 29ಕ್ಕೆ ಶಾಲೆಗಳು ತೆರೆದವು. ದಿಲ್ಲಿಯಲ್ಲಿ ಶಾಲೆಯ ವರ್ಷವು ಏಪ್ರಿಲ್ 1ಕ್ಕೇ ಮೊದಲಾಗುತ್ತದೆ. ಅಲ್ಲಿಯ ಸರಕಾರಿ ಶಾಲೆಗಳಿಗೆ ಸೂಟಿ ಮೇ 11ರಿಂದ ಜೂನ್ 30ರ ವರೆಗೆ. ಇದು ಯಾರದೋ ಮನಸ್ಸಿಗೆ ಬಂದಂತೆ ಮಾಡಿದ ವ್ಯತ್ಯಾಸವಲ್ಲ. ನಮ್ಮ ನಾಡಿನ ಧಗೆಯು ಮಾರ್ಚಿನಲ್ಲಿ ಏರತೊಡಗಿ ಜೂನಿನ ಮೊದಲ ವಾರದ ಮಳೆಗೆ ಇಳಿಯುತ್ತದೆ. ಉತ್ತರದ ಬಯಲಿನ ಧಗೆಯು ಮೇ ತಿಂಗಳಿನಲ್ಲಿ ಏರಿ, ಜೂನ್ ಕೊನೆಗೆ ಮಳೆ ಮುಟ್ಟುವ ತನಕ ಇಳಿಯುವುದಿಲ್ಲ. ಆಯಾ ನಾಡಿನ ಶಾಲೆಯು ಆಯಾ ನಾಡಿನ ಸೂರ್ಯನನ್ನು ನೋಡಿ ಬಾಗಿಲು ಹಾಕುತ್ತದೆ. ಆದರೆ ನಡುವೆ ಸಿಕ್ಕ ಮಕ್ಕಳ ಗತಿಯೇನು? ಏಪ್ರಿಲ್ 11ರಂದು ಇಲ್ಲಿಯ ಶಾಲೆಯನ್ನು ಬಿಟ್ಟ ನಮ್ಮ ಮಕ್ಕಳು ಜುಲೈ ಮೊದಲನೆಯ ವಾರದವರೆಗೆ, ಅಂದರೆ 81 ದಿನಗಳಿಗೂ ಹೆಚ್ಚು ಕಾಲ, ಯಾವ ಶಾಲೆಯ ಮೆಟ್ಟಿಲನ್ನೂ ಏರಲಿಲ್ಲ.

ಸೂಟಿಯ ಮೊದಲಿನ ವಾರಗಳಲ್ಲಿ ಪ್ರವೇಶ ದೊರೆಯಬಹುದಾಗಿದ್ದಿತು. ದೊರೆಯಲಿಲ್ಲ, ಏಕೆಂದರೆ ಕಾಗದಗಳು ಅಡ್ಡ ಬಂದವು. ವರ್ಗಾವಣೆಯ ಪತ್ರವೂ ಅಂಕಪಟ್ಟಿಯೂ ಕನ್ನಡದಲ್ಲಿದ್ದವು. ನಾವು ಮೊದಲು ಹೋದ ಶಾಲೆಯವರು ಆ ಅಕ್ಷರಗಳನ್ನು ಮೇಲೆ ಕೆಳಗೆ ಮಾಡಿ ನೋಡಿ, ಭಾಷಾಂತರ ತನ್ನಿರೆಂದರು. ತಂದ ಮೇಲೆ ಶಿಕ್ಷಣಾಧಿಕಾರಿಗಳ ಮೇಲುಸಹಿ ತನ್ನಿರೆಂದರು. ಅದನ್ನು ಧಾರವಾಡದಿಂದ ತರಿಸುವಷ್ಟರಲ್ಲಿ ಸೂಟಿ ಹತ್ತಿತು. ಇಲ್ಲಿ ಕುಳಿತ ಶಿಕ್ಷಕ ಬಂಧುಗಳು ಒಂದು ಸಂಗತಿಯನ್ನು ಮನಸ್ಸಿನಲ್ಲಿಡತಕ್ಕದ್ದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 5ನೆಯ ಕಲಮು ಈ ವಿಷಯವಾಗಿಯೇ ಇದೆ. ಎಂಟನೆಯ ತರಗತಿಯವರೆಗಿನ ಮಗುವಿಗೆ ರಾಜ್ಯದ ಒಳಗಿರಲಿ, ಹೊರಗಿರಲಿ, ಸರಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗಿ ಹೋಗುವ ಹಕ್ಕುಂಟು. ಬಿಟ್ಟ ಶಾಲೆಯ ಮುಖ್ಯಾಧ್ಯಾಪಕರು ವರ್ಗಾವಣೆಯ ಪತ್ರವನ್ನು ಕೂಡಲೇ ಕೊಡತಕ್ಕದ್ದು. ಪತ್ರವು ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯವರು ಪ್ರವೇಶವನ್ನು ತಡೆಯಲಾಗದು, ನಿರಾಕರಿಸಲೂ ಆಗದು. ಕಾಯಿದೆಯು ಹೀಗೆ ಸ್ಪಷ್ಟವಿದ್ದರೂ ಅದನ್ನು ಬಲ್ಲ ತಂದೆತಾಯಿಗಳೆಷ್ಟು ಜನ? ಗುಳೇ ಹೋಗುವ ಕೂಲಿಕಾರನಿಗೆ ಇದನ್ನು ಹೇಳುವವರು ತಮ್ಮನ್ನು ಬಿಟ್ಟರೆ ಯಾರಿದ್ದಾರೆ?

ಕಾಗದಗಳ ಮಾತು ಬಂದುದರಿಂದ ಉಳಿದವನ್ನೂ ಚಿಕ್ಕದಾಗಿ ಹೇಳಿಬಿಡುತ್ತೇವೆ. ಪಡಿತರದ ಚೀಟಿಯು 2022ರಿಂದ ದೇಶದ ಎಲ್ಲ ರಾಜ್ಯಗಳಲ್ಲಿಯೂ ನಡೆಯುತ್ತದೆ. ಊರಿನ ಚೀಟಿಯ ಮೇಲೆ ಪರನಾಡಿನ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು. ಇದು ಬಡವನಿಗೆ ದೊಡ್ಡ ಆಸರೆ. ಮತದಾರರ ಪಟ್ಟಿಯಲ್ಲಿ ಸ್ಥಳ ಬದಲಾಯಿಸಲು 8ನೆಯ ನಮೂನೆಯ ಅರ್ಜಿ ಸಾಕು. ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ 1988ರ ಮೋಟಾರು ವಾಹನ ಕಾಯಿದೆಯ ಮೇರೆಗೆ ಆ ರಾಜ್ಯದ ಸಂಖ್ಯೆ ಪಡೆಯಬೇಕಾಗುತ್ತದೆ. ಇವೆಲ್ಲ ತಾಳ್ಮೆಯಿಂದ ಮುಗಿಯತಕ್ಕ ಕೆಲಸಗಳು. ತಾಳ್ಮೆಯೊಂದರಿಂದಲೇ ಮುಗಿಯದ ಕೆಲಸಗಳು ಬೇರೆ ಇವೆ. ಅವುಗಳ ಕಡೆಗೆ ತಿರುಗೋಣ.

ಮೊದಲನೆಯದು ಧಗೆ. ಧಾರವಾಡವು ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ; ಪಶ್ಚಿಮದ ಗಾಳಿ ಸಂಜೆಗೆ ಬಂದೇ ಬರುತ್ತದೆ. ಇಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ಮುಟ್ಟುವುದೇ ಅಪರೂಪ. ದಿಲ್ಲಿಯಲ್ಲಿ 2024ರ ಮೇ 29ರಂದು ಸಫದರ್ಜಂಗದ ವೇಧಶಾಲೆಯು 46.8 ಡಿಗ್ರಿಯನ್ನು ದಾಖಲಿಸಿತು. ಅಲ್ಲಿಯ ಬಿಸಿಗಾಳಿಗೆ ‘ಲೂ’ ಎಂದು ಹೆಸರು. ಅದು ರಾಜಸ್ಥಾನದ ಮರುಭೂಮಿಯ ಕಡೆಯಿಂದ ಬೀಸುತ್ತದೆ. ಒಲೆಯ ಬಾಯಿಗೆ ಮುಖವೊಡ್ಡಿದಂತಾಗುತ್ತದೆ. ಮುಂಜಾನೆ ಹನ್ನೊಂದರಿಂದ ಸಂಜೆ ಐದರ ವರೆಗೆ ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಎಲ್ಲ ಮನೆಗಳ ಬಾಗಿಲೂ ಮುಚ್ಚಿರುತ್ತವೆ. ನಮ್ಮ ತಾಯಿಯವರಾದರೋ ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತು ಹೋಗುವ ಬರುವವರನ್ನು ಮಾತಾಡಿಸಿಯೇ ಅಷ್ಟು ವರ್ಷ ಕಳೆದವರು. ಒಂದು ವಾರವಾಗುವಷ್ಟರಲ್ಲಿ ಅವರು, “ಎಂಥಾ ಊರಪಾ ಇದು? ಉಂಡ್ಯೇನು ಬಿಟ್ಟ್ಯೇನು ಅಂತ ಕೇಳಾವ್ರು ಒಬ್ಬರೂ ಇಲ್ಲ. ಎಲ್ಲಾರೂ ಬಾಗಿಲಾ ಹಾಕ್ಕೊಂಡು ಕುಂತಾರ” ಎಂದು ನಿಟ್ಟುಸಿರಿಟ್ಟರು. ರಾತ್ರಿ ಎಂಟು ಹೊಡೆದ ಮೇಲೆ ಅದೇ ಬೀದಿ ಜಾತ್ರೆಯಂತೆ ತುಂಬುವುದೆಂಬುದು ಅವರಿಗೆ ಆಮೇಲೆ ತಿಳಿಯಿತು. ಆ ಬಾಗಿಲುಗಳು ಹೊಸಬರಿಗಾಗಿ ಮುಚ್ಚಿದವಲ್ಲ, ಬಿಸಿಲಿಗಾಗಿ ಮುಚ್ಚಿದವು. ಪರನಾಡಿನ ಜನರ ವಿಷಯವಾಗಿ ನಾವು ಕಟ್ಟಿಕೊಳ್ಳುವ ಎಷ್ಟೋ ಅಭಿಪ್ರಾಯಗಳಿಗೆ ಅಲ್ಲಿಯ ಹವೆಯೇ ಕಾರಣವಾಗಿರುತ್ತದೆ. ಹವೆಯನ್ನು ತಿಳಿಯದೆ ಜನರನ್ನು ತಿಳಿದೆವೆಂದುಕೊಳ್ಳುವುದು ಸಲ್ಲದು.

ಆ ಧಗೆಗೆ ಅಲ್ಲಿಯವರು ಕಂಡುಕೊಂಡ ಉಪಾಯವು ಕೂಲರು. ಕಿಟಕಿಗೆ ಹತ್ತಿದ ತಗಡಿನ ಪೆಟ್ಟಿಗೆ. ಅದರ ಮೂರು ಮಗ್ಗುಲಿಗೆ ಹುಲ್ಲಿನ ಅಥವಾ ಲಾವಂಚದ ಚಾಪೆ. ಮೇಲಿಂದ ನೀರು ತೊಟ್ಟಿಕ್ಕುತ್ತದೆ, ಒಳಗಿನ ಪಂಖವು ಹೊರಗಿನ ಒಣಗಾಳಿಯನ್ನು ಆ ಒದ್ದೆ ಚಾಪೆಯ ಮೂಲಕ ಒಳಗೆಳೆಯುತ್ತದೆ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರುವುದರಿಂದ ಗಾಳಿ ತಂಪಾಗುತ್ತದೆ. ಆದರೆ ಎದುರಿನ ಕಿಟಕಿಯನ್ನು ತುಸು ತೆರೆದಿಡಬೇಕು. ಇಲ್ಲವಾದರೆ ತೇವವು ಒಳಗೇ ನಿಂತು ಸೆಕೆಯಾಗುತ್ತದೆ. ಮಳೆ ಬಂದು ಗಾಳಿಯೇ ತೇವವಾದಾಗ ಕೂಲರಿನ ಆಟ ಮುಗಿಯಿತು. ವಾರಕ್ಕೊಮ್ಮೆ ಅದರ ನೀರನ್ನು ಚೆಲ್ಲಿ ಒಣಗಿಸತಕ್ಕದ್ದು; ಡೆಂಗ್ಯೂ ಜ್ವರದ ಸೊಳ್ಳೆಯು ನಿಂತ ನೀರಿನಲ್ಲಿ ತತ್ತಿಯಿಟ್ಟು ವಾರ ಹತ್ತು ದಿನಗಳಲ್ಲಿ ರೆಕ್ಕೆ ಬಲಿತು ಹೊರಡುತ್ತದೆ. ಇದನ್ನೆಲ್ಲ ನಮಗೆ ಹೇಳಿಕೊಟ್ಟವರು ಕೆಳಗಿನ ಮನೆಯ ಪಂಜಾಬಿ ಗೃಹಿಣಿ. ಬಿಲ್ವದ ಹಣ್ಣಿನ ಪಾನಕ ಮಾಡಲು ಕಲಿಸಿದವರೂ ಅವರೇ. ನಾವು ಬಿಲ್ವದ ಎಲೆಯನ್ನು ಶಿವನಿಗೇರಿಸಿ ಹಣ್ಣನ್ನು ಗಿಡದಲ್ಲಿಯೇ ಬಿಡುವವರು. ಅವರು ಆ ಹಣ್ಣಿನಿಂದ ಬೇಸಿಗೆಯನ್ನೇ ಕಳೆಯುವವರು.

ಎರಡನೆಯದು ನೀರು. ಈ ವಿಷಯದಲ್ಲಿ ಹುಬ್ಬಳ್ಳಿ ಧಾರವಾಡದ ಕುಟುಂಬವು ಯಾವ ಊರಿಗೆ ಹೋದರೂ ಪಳಗಿದ ಕುಟುಂಬವೇ. ಹಲವು ದಿನಗಳಿಗೊಮ್ಮೆ ಬರುವ ನಳದ ನೀರಿಗಾಗಿ ಕಾದು, ಹರವಿ, ಹಂಡೆ, ಬಿಂದಿಗೆಗಳನ್ನು ತುಂಬಿಕೊಳ್ಳುವ ವಿದ್ಯೆಯನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ದಿಲ್ಲಿಯ ನೀರು ಯಮುನೆಯದು, ಗಂಗೆಯ ಕಾಲುವೆಯದು. ಎರಡೂ ಬೇರೆ ರಾಜ್ಯಗಳನ್ನು ದಾಟಿ ಬರತಕ್ಕವು. ಯಮುನೆಯ ನೀರಿನ ಹಂಚಿಕೆಗೆ ಐದು ಸರಕಾರಗಳು 1994ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಆದರೂ 2024ರ ಜೂನಿನಲ್ಲಿ ಕೊರತೆಯ ಪ್ರಶ್ನೆಯು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬೀದಿಗಳಲ್ಲಿ ಟ್ಯಾಂಕರಿನ ಮುಂದೆ ಕೊಡಗಳ ಸಾಲು ನಿಂತಿತು. ಮಹದಾಯಿಯ ಮಾತು ಕೇಳುತ್ತ ಬೆಳೆದ ನಮಗೆ ಇದೇನೂ ಹೊಸತಾಗಿರಲಿಲ್ಲ.

ಹೊಸತಾಗಿ ಕಂಡುದು ಬೇರೊಂದು. ಅಂಥ ಕೊರತೆಯ ದಿನಗಳಲ್ಲಿಯೇ, ಜೂನ್ 10ರಂದು, ಸಿಖ್ಖರ ಐದನೆಯ ಗುರುಗಳಾದ ಅರ್ಜುನದೇವರು 1606ರಲ್ಲಿ ಲಾಹೋರಿನಲ್ಲಿ ಬಲಿದಾನವಾದುದರ ನೆನಪಿಗಾಗಿ, ತರುಣರು ಚೌಕಚೌಕಗಳಲ್ಲಿ ಚಪ್ಪರ ಹಾಕಿ, ಸಕ್ಕರೆ ಹಾಲು ಬೆರೆಸಿದ ತಣ್ಣೀರನ್ನು ಬಸ್ಸು, ರಿಕ್ಷಾ, ಲಾರಿಗಳನ್ನು ತಡೆತಡೆದು ಎಲ್ಲರಿಗೂ ಕುಡಿಸಿದರು. ಅದಕ್ಕೆ ಅವರು ‘ಛಬೀಲ’ ಎನ್ನುತ್ತಾರೆ. ಎಂಟು ದಿನಗಳ ತರುವಾಯ ನಿರ್ಜಲ ಏಕಾದಶಿಗೆ ಹಿಂದುಗಳೂ ಹಾಗೆಯೇ ಮಾಡಿದರು. ತಾನು ಉಪವಾಸವಿದ್ದು, ನೀರನ್ನೂ ಮುಟ್ಟದೆ, ದಾರಿಹೋಕನಿಗೆ ನೀರು ಕೊಡುವ ವ್ರತವದು. ನಮ್ಮ ತಾಯಿಯವರು ಲೋಟವನ್ನು ಕೈಯಲ್ಲಿ ಹಿಡಿದು, “ಇದು ನಮ್ಮ ಅರವಟ್ಟಿಗಿನ ಅಲ್ಲೇನು?” ಎಂದರು. ಅಹುದು, ಅರವಟ್ಟಿಗೆಯೇ. ಕನ್ನಡ ನಾಡಿನ ಶಾಸನಗಳಲ್ಲಿ ದತ್ತಿ ಬಿಟ್ಟು ನಡೆಸಿದ ಧರ್ಮಗಳಲ್ಲಿ ಅದೂ ಒಂದು. ಅಂದಿನಿಂದ ಆ ಊರು ಅವರಿಗೆ ಪರಊರಾಗಿ ಉಳಿಯಲಿಲ್ಲ.

ಹಬ್ಬಗಳ ವಿಷಯವೂ ಹೀಗೆಯೇ. ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಅವರದು ಹುಣ್ಣಿವೆಗೆ. ಆದುದರಿಂದ ಕೃಷ್ಣಪಕ್ಷವು ಬಂದಾಗಲೆಲ್ಲ ಒಂದೇ ತಿಥಿಗೆ ಅವರಲ್ಲಿ ಮುಂದಿನ ತಿಂಗಳಿನ ಹೆಸರು. ನಮ್ಮ ವೈಶಾಖ ಅಮಾವಾಸ್ಯೆಯೇ ಅವರ ಜ್ಯೇಷ್ಠ ಅಮಾವಾಸ್ಯೆ; ಅಂದು ಅಲ್ಲಿಯ ಮುತ್ತೈದೆಯರು ವಟಸಾವಿತ್ರಿಯ ವ್ರತ ಮಾಡುತ್ತಾರೆ. ನಾವು ಮಾಡುವುದು ಹದಿನೈದು ದಿನ ಕಳೆದು, ಜ್ಯೇಷ್ಠದ ಹುಣ್ಣಿವೆಗೆ, ಕಾರಹುಣ್ಣಿವೆಯ ದಿನ. ನಮ್ಮ ಮನೆಯವರು ಜೂನ್ 6ರಂದು ನೆರೆಯವರೊಡನೆ ಆಲದ ಮರಕ್ಕೆ ಹೋಗಿ ಬಂದರು. 21ರಂದು ನೆರೆಯವರು ನಮ್ಮವರೊಡನೆ ಅದೇ ಮರಕ್ಕೆ ಬಂದರು. ಯಾರ ಪಂಚಾಂಗವನ್ನೂ ಯಾರೂ ತಿದ್ದಲಿಲ್ಲ. ಮರಕ್ಕೆ ಎರಡು ಸಲ ದಾರ ಸುತ್ತಿದಂತಾಯಿತು, ಅಷ್ಟೆ.

ಇನ್ನು ಮೂರನೆಯ ಹಾಗೂ ಮುಖ್ಯವಾದ ಮಾತು. ಅದು ನಾಲಗೆಯದು.

ಉತ್ತರ ಕರ್ನಾಟಕದ ಮಕ್ಕಳಿಗೆ ಹಿಂದಿಯ ಊರಿನಲ್ಲಿ ಒಂದು ಅನುಕೂಲವುಂಟು. ಬಹಮನಿ, ಆದಿಲಶಾಹಿ, ಪೇಶವೆ ಆಡಳಿತಗಳ ಮೂಲಕ ನಮ್ಮ ಮಾತಿನಲ್ಲಿ ಬೆರೆತ ದವಾಖಾನೆ, ಅರ್ಜಿ, ತಕರಾರು, ಖುರ್ಚಿ, ಬಾಕಿ, ಖಾಲಿ, ಜವಾಬು ಮೊದಲಾದ ಶಬ್ದಗಳು ಅಲ್ಲಿ ಹಾಗೆಯೇ ನಡೆಯುತ್ತವೆ. ಮೋಸಮಾಡುವ ಶಬ್ದಗಳು ಸಂಸ್ಕೃತದವು. ನಮ್ಮಲ್ಲಿ ಅವಸರವೆಂದರೆ ಗಡಿಬಿಡಿ, ಅಲ್ಲಿ ಸದವಕಾಶ. ನಮ್ಮಲ್ಲಿ ಉಪನ್ಯಾಸವೆಂದರೆ ನಾವು ಈಗ ಮಾಡುತ್ತಿರುವಂಥದು, ಅಲ್ಲಿ ಕಾದಂಬರಿ. ನಮ್ಮ ಹಿರಿಯ ಮಗಳು ಒಂದು ಕಟ್ಟಡದ ಮೇಲೆ ‘ಶಿಕ್ಷಾ ನಿದೇಶಾಲಯ’ವೆಂಬ ಫಲಕವನ್ನು ಓದಿ, “ಅಪ್ಪಾ, ಹುಡುಗರಿಗೆ ಶಿಕ್ಷಾ ಕೊಡೂದಕ್ಕ ಇಲ್ಲೆ ಒಂದು ಆಫೀಸನ ಅದ ಏನು?” ಎಂದು ಕೇಳಿದಳು. ಶಿಕ್ಷಾ ಎಂದರೆ ಅಲ್ಲಿ ವಿದ್ಯೆಯೆಂದು ತಿಳಿಸಿ ಹೇಳಿದೆವು. ಅವಳ ಸಂಶಯವು ಪೂರ್ತಿಯಾಗಿ ಹೋದಂತೆ ಕಾಣಲಿಲ್ಲ; ಇಲ್ಲಿ ನೆರೆದ ಶಿಕ್ಷಕ ಬಂಧುಗಳು ಕ್ಷಮಿಸಬೇಕು.

ಮಕ್ಕಳು ಭಾಷೆಯನ್ನು ಕಲಿಯುವುದು ಬೀದಿಯಲ್ಲಿ. ಸಂಜೆಯ ಆಟದಲ್ಲಿ ಆರು ವಾರಗಳೊಳಗೆ ನಮ್ಮ ಇಬ್ಬರೂ ಹಿಂದಿಯಲ್ಲಿ ಜಗಳಾಡಲು ಕಲಿತರು. ಜಗಳಾಡಲು ಬಂದಿತೆಂದರೆ ಭಾಷೆ ಬಂದಿತೆಂದೇ ಅರ್ಥ. ಇದರಿಂದ ನಮಗೆ ಸಂತೋಷವಾಯಿತು. ಯಾವ ನಾಡಿನ ಅನ್ನ ನೀರು ಉಣ್ಣುವೆವೋ ಆ ನಾಡಿನ ನುಡಿಯನ್ನು ಕಲಿಯುವುದು ಋಣ ತೀರಿಸುವ ಮೊದಲ ಕಂತು. ಆದರೆ ಜೂನ್ ನಡುವಿನಲ್ಲಿ ಆರು ವರ್ಷದ ಮಗನು ಅಜ್ಜಿ ಕನ್ನಡದಲ್ಲಿ ಕೇಳಿದುದಕ್ಕೆ ಹಿಂದಿಯಲ್ಲಿ ಉತ್ತರ ಕೊಡತೊಡಗಿದನು. ಅಜ್ಜಿ ತಿಳಿಯಲಿಲ್ಲವೆಂದರೆ ಅವನು ಇನ್ನೊಮ್ಮೆ ಹೇಳದೆ ಆಟಕ್ಕೆ ಓಡುವನು. ಎರಡು ತಿಂಗಳ ಹಿಂದೆ ಅವನು ಬಿಡಿಸಿ ಬರೆಯುತ್ತಿದ್ದ ಒತ್ತಕ್ಷರಗಳು ಒಂದೊಂದಾಗಿ ಮರೆಯುತ್ತ ನಡೆದಿದ್ದವು. ಬೈಯುವವರಿಲ್ಲ, ಹೊಡೆಯುವವರಿಲ್ಲ, ಕನ್ನಡ ಬೇಡವೆನ್ನುವವರೂ ಇಲ್ಲ. ಆದರೂ ಒಂದು ಬೇಸಿಗೆಯಲ್ಲಿ ಅದು ಸೋರಿಹೋಗುತ್ತಿದ್ದಿತು.

ಲಜಪತನಗರದ ಹುಟ್ಟೇ ಇಂಥ ಕಥೆಯಿಂದ ಆದುದು. 1947ರ ವಿಭಜನೆಯ ತರುವಾಯ ದಿಲ್ಲಿಗೆ ಸುಮಾರು 5 ಲಕ್ಷ ನಿರಾಶ್ರಿತರು ಬಂದರು. ಅವರಿಗಾಗಿ ಸರಕಾರವು ಕಟ್ಟಿದ ವಸತಿಗಳಲ್ಲಿ ಇದೂ ಒಂದು. ಅವರು ನಮ್ಮಂತೆ ವರ್ಗವಾಗಿ ಬಂದವರಲ್ಲ. ಮನೆ, ಹೊಲ, ಬಂಧುಬಳಗವನ್ನು ಕಳೆದುಕೊಂಡು ಬಂದವರು. ನಮ್ಮ ನೆರೆಯ ವೃದ್ಧರೊಬ್ಬರು ಪಶ್ಚಿಮ ಪಂಜಾಬದಿಂದ ಬಾಲಕರಾಗಿದ್ದಾಗ ಬಂದವರು. ಅವರ ತಂದೆಯ ಪತ್ರಗಳು, ಹೊಲದ ದಸ್ತೈವಜುಗಳು, ಕೈಯಾರೆ ಬರೆದ ಪದ್ಯಗಳು ಒಂದು ತಗಡಿನ ಪೆಟ್ಟಿಗೆಯಲ್ಲಿವೆ. ಎಲ್ಲವೂ ಉರ್ದು ಲಿಪಿಯಲ್ಲಿರತಕ್ಕವು. ಮನೆಯಲ್ಲಿ ಹನ್ನೊಂದು ಜನರಿದ್ದಾರೆ. ಅವುಗಳನ್ನು ಓದಬಲ್ಲವರು ಅವರೊಬ್ಬರೇ. ಮಕ್ಕಳಿಗೆ ಪಂಜಾಬಿ ಮಾತು ಬರುತ್ತದೆ, ಮೊಮ್ಮಕ್ಕಳಿಗೆ ಅರ್ಥವಾಗುತ್ತದೆ, ಮರಿಮಕ್ಕಳಿಗೆ ಅದೂ ಇಲ್ಲ. ಅನ್ನ, ಸೂರು, ಅಂಗಡಿ ಎಂದು ಹೆಣಗುತ್ತಿದ್ದ ಆ ವರ್ಷಗಳಲ್ಲಿ ಅಕ್ಷರದ ಕಡೆಗೆ ನೋಡಲು ಯಾರಿಗೂ ಬಿಡುವಾಗಲಿಲ್ಲವೆಂದೂ, ಬಿಡುವಾದಾಗ ಕಲಿಯುವ ವಯಸ್ಸು ದಾಟಿದ್ದಿತೆಂದೂ ಅವರು ನಮಗೆ ಹೇಳಿದರು. ಅವರಿಗಿದ್ದ ಕಾರಣವು ದೊಡ್ಡದು; ಯಾರೂ ಅವರನ್ನು ದೂರಲಾರರು. ಬೇಕಾದಷ್ಟು ಬಿಡುವಿದ್ದು, ರೈಲು ಹತ್ತಿದರೆ ಊರು ಮುಟ್ಟಬಹುದಾದ ನಮಗೆ ಯಾವ ಕಾರಣವಿದೆ?

ಆ ಮಾತಿನ ಮರುದಿನದಿಂದ ಮನೆಯಲ್ಲಿ ಒಂದು ಕ್ರಮವನ್ನಿಟ್ಟೆವು. ಹೊಸ್ತಿಲಿನ ಹೊರಗೆ ಹಿಂದಿಗೆ ಯಾವ ಅಡ್ಡಿಯೂ ಇಲ್ಲ. ಊಟಕ್ಕೆ ಕುಳಿತಾಗ ಕನ್ನಡ. ಬಿಸಿಲೇರುವ ಮೊದಲು, ಮುಂಜಾನೆ ಅರ್ಧ ತಾಸು, ಅಜ್ಜಿಯೇ ಮಾಸ್ತರರು. ಮಕ್ಕಳಿಬ್ಬರೂ ದಿನಕ್ಕೊಂದು ಪುಟ ಕನ್ನಡ ಬರೆಯತಕ್ಕದ್ದು. ಬರೆಯುವುದೇನನ್ನು? ಊರಿಗೆ ಪತ್ರವನ್ನು. ಕಾಕನಿಗೆ, ಅತ್ತೆಗೆ, ಓಣಿಯ ಗೆಳೆಯರಿಗೆ, ತಮ್ಮ ಹಿಂದಿನ ಶಾಲೆಗೆ. ಮಿರಗದ ಮಳೆ ಬಂದಿತೇ, ಮಾವಿನಹಣ್ಣು ಮುಗಿಯಿತೇ, ಇಲ್ಲಿ ಈಗ ದಶೇರಿ ಬರುತ್ತಿದೆ, ಆಪೂಸಿನ ರುಚಿ ಇಲ್ಲ ಎಂದು ಬರೆಯುವುದು. ಪಾಠಕ್ಕಾಗಿ ಬರೆಯೆಂದರೆ ಅಳುವ ಮಗುವು ಉತ್ತರ ಬರುವುದೆಂಬ ಆಸೆಯಿಂದ ತಾನಾಗಿ ಬರೆಯುತ್ತದೆ. ಜೂನ್ 28ರಂದು ದಿಲ್ಲಿಗೆ ಮಳೆ ಮುಟ್ಟಿ, ಸಫದರ್ಜಂಗದಲ್ಲಿ ಒಂದೇ ದಿನದ ಲೆಕ್ಕಕ್ಕೆ 228.1 ಮಿಲಿಮೀಟರು ಸುರಿದು, ಬೀದಿಗಳೆಲ್ಲ ಹಳ್ಳವಾದಾಗ ಮಕ್ಕಳು ಬರೆದ ಪತ್ರವು ನಾಲ್ಕು ಪುಟದ್ದಾಗಿದ್ದಿತು.

ಆ ಪತ್ರಗಳಲ್ಲಿ ಒಂದಕ್ಕೆ ಬಂದ ಉತ್ತರವನ್ನು ಈ ಸಭೆಯಲ್ಲಿ ಹೇಳಲೇಬೇಕು. ಮಗಳ ಹಿಂದಿನ ವರ್ಗದ ಮಾಸ್ತರರು ಅವಳ ಪತ್ರದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಕೆಳಗೆ ತಮ್ಮ ಊರಿನ ಹೊಲದ ಸುದ್ದಿಯನ್ನು ಬರೆದು, ಮುಂದಿನ ವರ್ಗದ ಕನ್ನಡ ಪುಸ್ತಕವನ್ನೂ ಜೊತೆಗಿಟ್ಟು ಅಂಚೆಯಲ್ಲಿ ಕಳಿಸಿದರು. ಅವರಿಗೆ ಅದು ಐದು ನಿಮಿಷದ ಕೆಲಸವಾಗಿದ್ದೀತು. ಆ ಮಗುವಿಗೆ ಮಾತ್ರ ತನ್ನ ಶಾಲೆಯು ತನ್ನನ್ನು ಪಟ್ಟಿಯಿಂದ ತೆಗೆದಿಲ್ಲವೆಂಬ ನಂಬಿಕೆ ಬಂದಿತು. ಮುಂದೆ ನಾವು ಅರ್ಧ ತಾಸಿನ ಪಾಠಕ್ಕೆ ಕರೆಯಬೇಕಾಗಲಿಲ್ಲ.

ಮಹನೀಯರೇ, ಈ ಧಾರವಾಡದಲ್ಲಿ ನಿಂತು ಇದನ್ನು ಹೇಳುವಾಗ ಹಿಂದಿನದು ನೆನಪಾಗದೆ ಇರದು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಮಕ್ಕಳು ತಮ್ಮ ಊರಿನಲ್ಲಿದ್ದುಕೊಂಡೇ ಮರಾಠಿಯಲ್ಲಿ ಪಾಠ ಕಲಿಯುತ್ತಿದ್ದರು. ಅವರು ಎಲ್ಲಿಗೂ ಹೋಗಿರಲಿಲ್ಲ, ಮನೆಯೊಳಗಿದ್ದೇ ಪರಸ್ಥಳದವರಾಗಿದ್ದರು. ಆಗ ಡೆಪ್ಯೂಟಿ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಯಿಸಿದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಇಲ್ಲಿಯೇ ಹುಟ್ಟಿತು. 1956ರ ನವೆಂಬರ್ 1ರಂದು ಹರಿದ ನಾಡು ಒಂದಾಯಿತು. ಗಡಿಯನ್ನು ಎಲ್ಲಿ ಎಳೆದರೂ ಕೆಲವರು ಅದರ ಆಚೆಗೆ ಉಳಿಯುವರೆಂಬುದು ಅಂದಿನವರಿಗೂ ತಿಳಿದಿದ್ದಿತು. ಆದುದರಿಂದಲೇ ಅದೇ ವರ್ಷದ ಸಂವಿಧಾನದ ಏಳನೆಯ ತಿದ್ದುಪಡಿಯು 350ಎ ಎಂಬ ಅನುಚ್ಛೇದವನ್ನು ಸೇರಿಸಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಲು ಪ್ರತಿಯೊಂದು ರಾಜ್ಯವೂ ಯತ್ನಿಸತಕ್ಕದ್ದು. ಯತ್ನವೆಂಬ ಶಬ್ದವನ್ನು ಗಮನಿಸಬೇಕು. ದಿಲ್ಲಿಯಲ್ಲಿ ಲೋದಿ ಎಸ್ಟೇಟಿನ ಕನ್ನಡ ಶಾಲೆಯೂ ರಾವ್ ತುಲಾರಾಮ ಮಾರ್ಗದ ಕರ್ನಾಟಕ ಸಂಘವೂ ನಮ್ಮವರ ಯತ್ನದಿಂದ ನಿಂತಿವೆ. ಆದರೆ ಅಷ್ಟು ದೊಡ್ಡ ಊರಿನ ಮೂಲೆಮೂಲೆಗೆ ಒಂದು ಶಾಲೆ ಮುಟ್ಟಲಾರದು. ಮುಟ್ಟದ ಕಡೆಗೆ ಮನೆಯೇ ಶಾಲೆಯಾಗಬೇಕು.

ನಾವು ಪರನಾಡಿನಲ್ಲಿ ಬಯಸುವುದನ್ನು ನಮ್ಮ ನಾಡಿಗೆ ಬಂದವರಿಗೆ ಕೊಡುತ್ತಿದ್ದೇವೆಯೇ? ಈ ಪ್ರಶ್ನೆಯನ್ನು ಕೇಳದೆ ಈ ಮಾತು ಪೂರ್ಣವಾಗದು. ಬಿಹಾರದಿಂದ, ಒಡಿಶಾದಿಂದ, ರಾಜಸ್ಥಾನದಿಂದ ಬಂದ ಕುಟುಂಬಗಳು ಬೆಂಗಳೂರಿನಲ್ಲಿ ಅಷ್ಟೇ ಅಲ್ಲ, ನಮ್ಮ ಹುಬ್ಬಳ್ಳಿಯಲ್ಲಿಯೂ ಮೊದಲನೆಯ ಬೇಸಿಗೆಯನ್ನು ಕಳೆಯುತ್ತಿವೆ. 2015ರ ಕನ್ನಡ ಭಾಷಾ ಕಲಿಕಾ ಕಾಯಿದೆಯ ಮೇರೆಗೆ ಈ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಕಲಿಯಬೇಕಾಗಿದೆ. ಇದು ತಕ್ಕದ್ದೇ. ಆದರೆ ಆರನೆಯ ವರ್ಗಕ್ಕೆ ಬಂದು ಸೇರಿದ ಮಗುವಿಗೆ ಅ ಆ ಇ ಈ ಹೇಳಿಕೊಡುವವರು ಯಾರು? ಕಲಿಯಿರೆಂದು ಕೇಳುವವರು ಕಲಿಸಲೂ ಸಿದ್ಧರಾಗಬೇಕು. ಭಾಷೆ ಬಾರದವನನ್ನು ಗದರಿಸಿದರೆ ಅವನು ಆ ಭಾಷೆಗೆ ಹೆದರುವನು. ಪಕ್ಕದಲ್ಲಿ ಕೂಡ್ರಿಸಿಕೊಂಡು ಹೇಳಿದರೆ ಆ ಭಾಷೆಯವನಾಗುವನು.

ಆದುದರಿಂದ ಈ ಸಭೆಗೆ ಮೂರು ಸೂಚನೆಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಮೊದಲನೆಯದು: ಹೊರರಾಜ್ಯಕ್ಕೆ ಹೋಗುವ ಮಗುವಿನ ವರ್ಗಾವಣೆಯ ಪತ್ರವನ್ನು ಕೇಳಿದ ದಿನವೇ ಕೊಡುವುದು, ಅದರೊಡನೆ ಒಂದು ಇಂಗ್ಲಿಷ್ ಅಥವಾ ಹಿಂದಿಯ ಪ್ರತಿಯನ್ನೂ ಸಹಿ ಮಾಡಿ ಕೊಡುವುದು, 2009ರ ಕಾಯಿದೆಯ 5ನೆಯ ಕಲಮನ್ನು ತಂದೆತಾಯಿಗಳಿಗೆ ಬಾಯಿಬಿಟ್ಟು ತಿಳಿಸುವುದು. ಎರಡನೆಯದು: ಹಾಗೆ ಹೋದ ಮಕ್ಕಳ ಹೆಸರಿನ ಒಂದು ಪುಸ್ತಕವನ್ನು ಪ್ರತಿ ಶಾಲೆಯಲ್ಲಿಟ್ಟು, ವರ್ಷಕ್ಕೆ ಎರಡು ಸಲವಾದರೂ ಅವರಿಗೊಂದು ಪತ್ರ ಬರೆಯುವುದು, ಅವರ ಪತ್ರವನ್ನು ತಿದ್ದಿ ಕಳಿಸುವುದು, ಪುಸ್ತಕ ಕಳಿಸಲಾಗದಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘವು ಅಂತರ್ಜಾಲದಲ್ಲಿಟ್ಟಿರುವ ಪಾಠಗಳ ದಾರಿಯನ್ನಾದರೂ ತೋರಿಸುವುದು. ಮೂರನೆಯದು: ಹೊರಗಿನಿಂದ ಬಂದ ಕುಟುಂಬಗಳ ಮಕ್ಕಳಿಗಾಗಿ ಏಪ್ರಿಲ್, ಮೇ ತಿಂಗಳಿನ ಸೂಟಿಯಲ್ಲಿ ಬಿಸಿಲೇರುವ ಮುನ್ನ ಒಂದು ತಾಸು ಕನ್ನಡದ ವರ್ಗ ನಡೆಸುವುದು. ಇದಕ್ಕೆ ಕಟ್ಟಡ ಬೇಕಾಗಿಲ್ಲ. ದೇವಸ್ಥಾನದ ಪೌಳಿ, ವಾಚನಾಲಯದ ಪಡಸಾಲೆ ಸಾಕು. ಸರಕಾರದ ಅಪ್ಪಣೆಯೂ ಬೇಕಾಗಿಲ್ಲ.

ಬರುವ ಬೇಸಿಗೆಗೆ ಮೊದಲು ತಮ್ಮ ತಮ್ಮ ಓಣಿಯಿಂದ ಪರನಾಡಿಗೆ ಹೊರಟವರು ಯಾರು, ಪರನಾಡಿನಿಂದ ಓಣಿಗೆ ಬಂದವರು ಯಾರು ಎಂಬುದನ್ನು ವಿಚಾರಿಸಿಕೊಳ್ಳಿರಿ. ಹೊರಟವರ ಕೈಯಲ್ಲಿ ಒಂದು ಕನ್ನಡ ಪುಸ್ತಕವನ್ನಿಡಿರಿ. ಬಂದವರ ಮನೆಯ ಬಾಗಿಲನ್ನು ತಟ್ಟಿ, ಊಟವಾಯಿತೇ ಎಂದು ಕೇಳಿರಿ. ಇಷ್ಟನ್ನು ಈ ಸಭೆಯಲ್ಲಿ ಕುಳಿತ ಪ್ರತಿಯೊಬ್ಬರೂ ಮಾಡಬಲ್ಲರು.